ತಿಮಿಂಗಿಲದ ಜಾಗರಣೆ

ಹೆಂಗಸರೇ ಇಲ್ಲದ ಕಾದಂಬರಿಯೊಂದನ್ನು ಅಮ್ಮ ಇಷ್ಟು ವರ್ಷ ತಲೆಯ ಮೇಲೆ ಹೊತ್ತು ತಿರುಗುತ್ತಾಳೆ ಎಂದು ನನ್ನ ಮಗಳಿಗೆ ಚಿಕ್ಕಂದಿನಿಂದಲೂ ನಗು. ಅವಳ ಮಾತು ಪೂರ್ತಿ ನಿಜವಲ್ಲ. ಹರ್ಮನ್ ಮೆಲ್ವಿಲ್‌ನ ‘ಮೋಬಿ ಡಿಕ್’ನಲ್ಲಿ ಹೆಂಗಸರಿದ್ದಾರೆ. ನ್ಯಾಂಟಕೆಟ್ ದ್ವೀಪದ ಖಾನಾವಳಿಯಲ್ಲಿ ಮೂರು ಹೊತ್ತೂ ಮೀನಿನ ಚೌಡರ್ ಬಡಿಸುವ ಮಿಸೆಸ್ ಹಸ್ಸಿ ಇದ್ದಾಳೆ. ಹಡಗು ಹೊರಡುವ ಗಡಿಬಿಡಿಯಲ್ಲಿ ಒಂದು ಸಲ ಉಪ್ಪಿನಕಾಯಿ ಜಾಡಿ, ಇನ್ನೊಂದು ಸಲ ಬರೆಯುವುದಕ್ಕೆ ಗರಿ, ಮತ್ತೊಂದು ಸಲ ಬೆನ್ನುನೋವಿನವರಿಗೆಂದು ಫ್ಲಾನೆಲ್ ಬಟ್ಟೆ ಹಿಡಿದು ಓಡಿ ಬರುವ ಚಾರಿಟಿ ಅತ್ತೆ ಇದ್ದಾಳೆ. ಹುಡುಗರು ಕುಡಿದು ಕೆಡಬಾರದೆಂದು ಆಕೆ ಶುಂಠಿಯನ್ನೂ ಕೊಟ್ಟು ಕಳಿಸಿರುತ್ತಾಳೆ. ನಡುಗಡಲಲ್ಲಿ ಎರಡನೆಯ ಮೇಟ್ ಸ್ಟಬ್ ಸಿಟ್ಟಿಗೆದ್ದ ಮೇಲೆ ಅದು ಸಮುದ್ರದ ಪಾಲಾಗುತ್ತದೆ. ಇಬ್ಬರನ್ನೂ ದಡದಲ್ಲಿ ಬಿಟ್ಟು ಹಡಗು ಹೋದ ಮೇಲೆ ನೂರಕ್ಕೂ ಹೆಚ್ಚು ಅಧ್ಯಾಯ ಬರೀ ಗಂಡಸರು, ನೀರು, ತಿಮಿಂಗಿಲ. ಮನೆಯಲ್ಲಿ ಗಂಡಸರ ಮಾತು ಕೇಳಿ ಕೇಳಿ ಸಾಕಾದವಳು ಪುಸ್ತಕದಲ್ಲೂ ಅದನ್ನೇ ಯಾಕೆ ಕೇಳುತ್ತೀ ಎನ್ನುವುದು ಮಗಳ ಪ್ರಶ್ನೆ.

ಓದದವರಿಗೆ ಕಥೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ಬಿಳಿಯ ತಿಮಿಂಗಿಲವೊಂದು ಕ್ಯಾಪ್ಟನ್ ಏಹಾಬ್‌ನ ಕಾಲು ಕಿತ್ತುಕೊಂಡಿದೆ. ಅದರ ಮೇಲೆ ಸೇಡು ತೀರಿಸಿಕೊಳ್ಳಲು ಅವನು ಪೀಕ್ವಾಡ್ ಎಂಬ ಹಡಗನ್ನೂ ಅದರ ಜನರನ್ನೂ ಲೋಕದ ಸಮುದ್ರಗಳಲ್ಲೆಲ್ಲ ಎಳೆದುಕೊಂಡು ಹೋಗುತ್ತಾನೆ. ಹೇಳುವವನು ಇಶ್ಮೇಲ್ ಎಂಬ ಕೂಲಿ ನಾವಿಕ. ಇಷ್ಟೇ ಇದ್ದಿದ್ದರೆ ಇನ್ನೂರು ಪುಟಕ್ಕೆ ಮುಗಿಯುತ್ತಿತ್ತು. ಆದರೆ ಇಶ್ಮೇಲ್‌ಗೆ ಬಾಯಿ ತಡೆಯುವುದಿಲ್ಲ. ತಿಮಿಂಗಿಲದ ತಲೆ, ಬಾಲ, ಎಲುಬು, ಎಣ್ಣೆ, ಅದನ್ನು ಹೇಗೆ ಸುಲಿಯುತ್ತಾರೆ, ಹಗ್ಗ ಹೇಗೆ ಸುತ್ತುತ್ತಾರೆ, ಯಾವ ಚಿತ್ರಕಾರ ಅದನ್ನು ತಪ್ಪಾಗಿ ಬರೆದ ಎಂದೆಲ್ಲ ಹೇಳುತ್ತಾ 135 ಅಧ್ಯಾಯ ಮಾಡುತ್ತಾನೆ. ಕಥೆ ಇನ್ನೇನು ವೇಗ ಹಿಡಿಯಿತು ಅನ್ನುವಾಗ ಅವನಿಗೆ ತಿಮಿಂಗಿಲದ ಚರ್ಮದ ದಪ್ಪ ನೆನಪಾಗುತ್ತದೆ.

ಈ ಪುಸ್ತಕವನ್ನು ಇಷ್ಟಪಡುವವರ ಒಂದು ವಿಶೇಷವನ್ನು ನಾನು ಗಮನಿಸಿದ್ದೇನೆ. ಅವರು ಅದನ್ನು ಹೊಗಳುವುದಕ್ಕಿಂತ ಬೈಯುವುದೇ ಹೆಚ್ಚು. ನನಗೆ ಇದು ಗೊತ್ತಾದದ್ದು ಹೈದರಾಬಾದಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ 1964ರಲ್ಲಿ ಶುರುವಾದ ಅಮೆರಿಕನ್ ಸ್ಟಡೀಸ್ ರಿಸರ್ಚ್ ಸೆಂಟರ್ ಇತ್ತು. ನಮ್ಮ ಕಡೆಯ ಸಣ್ಣ ಊರುಗಳ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು, ಮೇಡಮ್ಮುಗಳಿಗೆ ಅದು ಕಾಶಿ ಇದ್ದಂತೆ. ಊರಿನ ಲೈಬ್ರರಿಯಲ್ಲಿ ಗೈಡು ಬಿಟ್ಟರೆ ಬೇರೇನೂ ಸಿಗದ ಕಾಲದಲ್ಲಿ ಅಲ್ಲಿ ಕಪಾಟು ಕಪಾಟು ಅಮೆರಿಕನ್ ಪುಸ್ತಕ. ರಜೆ ಬಂದರೆ ರೈಲು ಹತ್ತುತ್ತಿದ್ದೆವು. ಒಂದು ದಿನ ಮೆಸ್ಸಿನಲ್ಲಿ ಸಾರು ಅನ್ನ ಕಲಸುತ್ತಾ ನಾನು ‘ಮೋಬಿ ಡಿಕ್’ ತಟ್ಟೆಯ ಪಕ್ಕ ಇಟ್ಟಿದ್ದೆ. ಎದುರು ಕೂತಿದ್ದ ಧಾರವಾಡದ ಕಡೆಯ ಹಿರಿಯ ಮೇಷ್ಟ್ರೊಬ್ಬರು ಅದರ ಬೆನ್ನು ನೋಡಿ, “ತಿಮಿಂಗಲದ ಎಲುಬಿನ ಅಧ್ಯಾಯ ಓದೀರೇನ್ರೀ ಮೇಡಮ್ಮಾರೇ, ಇಲ್ಲಾ ದಾಟಿಸೀರಿ?” ಅಂದರು. ಓದಿದ್ದೇನೆ ಅಂದೆ. “ಖರೇನs ಓದೀರಂದ್ರ ಬೈರಿ ನೋಡೂಣು ಅವ್ನ” ಅಂದರು. ಆಮೇಲೆ ಮಜ್ಜಿಗೆ ಮುಗಿಯುವ ತನಕ ಇಬ್ಬರೂ ಸೇರಿ ಮೆಲ್ವಿಲ್‌ನನ್ನು ಬೈದೆವು. ಅಷ್ಟು ಅಕ್ಕರೆಯ ಬೈಗುಳವನ್ನು ನಾನು ಸಾಹಿತ್ಯದ ಸೆಮಿನಾರುಗಳಲ್ಲಿ ಕೇಳಿಲ್ಲ. ಅವರು ಪುಸ್ತಕವನ್ನು ಎಷ್ಟು ಸಲ ಓದಿದ್ದರೆಂದರೆ, ಯಾವ ಅಧ್ಯಾಯ ಬೇಸರ ಎನ್ನುವುದು ಅವರಿಗೆ ಸಂಖ್ಯೆಯ ಸಮೇತ ಬಾಯಿಪಾಠವಾಗಿತ್ತು.

ಹೊರಗಿನವರ ಬೈಗುಳವಂತೂ ಈ ಪುಸ್ತಕ ಹುಟ್ಟಿದಾಗಲೇ ಶುರುವಾಯಿತು. 1851ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ‘ದಿ ವೇಲ್’ ಎಂಬ ಹೆಸರಿನಲ್ಲಿ ಮೂರು ಸಂಪುಟವಾಗಿ ಮೊದಲು ಅಚ್ಚಾದಾಗ ಕೊನೆಯ ಒಂದು ಪುಟದ ಉಪಸಂಹಾರ ಬಿಟ್ಟೇಹೋಗಿತ್ತು. ಇಶ್ಮೇಲ್ ಒಬ್ಬ ಮಾತ್ರ ಹೇಗೆ ಬದುಕಿ ಉಳಿದ ಎನ್ನುವುದು ಇರುವುದು ಆ ಪುಟದಲ್ಲಿ. ಎಲ್ಲರೂ ಮುಳುಗಿದ ಮೇಲೆ ಕಥೆ ಹೇಳಿದವನು ಯಾರು ಎಂದು ವಿಮರ್ಶಕರು ಲೇವಡಿ ಮಾಡಿದರು. ನವೆಂಬರಿನಲ್ಲಿ ನ್ಯೂಯಾರ್ಕಿನ ಹಾರ್ಪರ್ ಸಂಸ್ಥೆ ಪೂರ್ತಿ ಪುಸ್ತಕ ತಂದಿತು, ಆದರೆ ಕೊಳ್ಳುವವರು ಕಡಿಮೆ. ಮೆಲ್ವಿಲ್ ಬದುಕಿದ್ದಷ್ಟು ಕಾಲ ಅಮೆರಿಕದಲ್ಲಿ ಮಾರಾಟವಾದದ್ದು ಸುಮಾರು 3,200 ಪ್ರತಿ. ಆಮೇಲೆ ಅವನು ನ್ಯೂಯಾರ್ಕಿನ ಬಂದರಿನಲ್ಲಿ ಕಸ್ಟಮ್ಸ್ ಇನ್‌ಸ್ಪೆಕ್ಟರ್ ಆಗಿ 19 ವರ್ಷ ಸರಕು ತಪಾಸಣೆ ಮಾಡಿದ. 1891ರಲ್ಲಿ ತೀರಿಕೊಂಡಾಗ ಅವನ ಹೆಸರು ಹೆಚ್ಚು ಜನಕ್ಕೆ ನೆನಪಿರಲಿಲ್ಲ. 1920ರ ದಶಕದಲ್ಲಿ ಒಂದು ಜೀವನಚರಿತ್ರೆ ಬಂತು, ಡಿ.ಎಚ್. ಲಾರೆನ್ಸ್ ಇದರ ಬಗ್ಗೆ ಬರೆದ, ಒಬ್ಬರು ಇನ್ನೊಬ್ಬರ ಕೈಗೆ ದಾಟಿಸಿದರು, ಪುಸ್ತಕ ಎದ್ದು ಕೂತಿತು.

ನನಗೆ ಈ ಇತಿಹಾಸದಲ್ಲಿ ಬಹಳ ಇಷ್ಟದ ಸಂಗತಿ ಒಂದು ಕಾಗದ. ಮೆಲ್ವಿಲ್ ಪುಸ್ತಕ ಬರೆದದ್ದು ಮ್ಯಾಸಚೂಸೆಟ್ಸಿನ ಪಿಟ್ಸ್‌ಫೀಲ್ಡಿನ ಹತ್ತಿರದ ಒಂದು ತೋಟದ ಮನೆಯಲ್ಲಿ. ಕೆಲವೇ ಮೈಲಿ ದೂರದ ಲೆನಾಕ್ಸಿನಲ್ಲಿ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ ಇದ್ದ. 1850ರ ಆಗಸ್ಟಿನಲ್ಲಿ ಒಂದು ಬೆಟ್ಟ ಹತ್ತುವ ಪಿಕ್‌ನಿಕ್ಕಿನಲ್ಲಿ ಇಬ್ಬರೂ ಭೇಟಿಯಾದರು, ಸ್ನೇಹವಾಯಿತು. ಪುಸ್ತಕವನ್ನು ಮೆಲ್ವಿಲ್ ಹಾಥಾರ್ನನಿಗೇ ಅರ್ಪಿಸಿದ. ಹಾಥಾರ್ನ್ ಓದಿ ಮೆಚ್ಚಿ ಕಾಗದ ಬರೆದ. ಆ ಕಾಗದ ಕಳೆದುಹೋಗಿದೆ. ಉಳಿದಿರುವುದು ಅದಕ್ಕೆ ಮೆಲ್ವಿಲ್ ಕೊಟ್ಟ ಉತ್ತರ, ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲದವನ ಉತ್ತರ. ಅದನ್ನು ಓದಿದರೆ ಹಾಥಾರ್ನ್ ಏನು ಬರೆದಿರಬಹುದು ಎಂದು ಊಹಿಸಬಹುದು. ‘ಮೋಬಿ ಡಿಕ್’ನ ಮೊದಲ ಅಭಿಮಾನಿಯ ಮಾತು ನಮಗೆ ಸಿಕ್ಕಿರುವುದು ಹೀಗೆ, ಟೆಲಿಫೋನಿನ ಒಂದೇ ಕಡೆಯ ಮಾತು ಕೇಳಿದ ಹಾಗೆ.

ಮಗಳ ಬಾಣಂತನಕ್ಕೆಂದು ಬಾಸ್ಟನ್ನಿನ ಹೊರವಲಯಕ್ಕೆ ಹೋಗಿದ್ದ ಚಳಿಗಾಲದಲ್ಲಿ ಮೆಲ್ವಿಲ್‌ನ ಅಭಿಮಾನಿಗಳನ್ನು ನಾನು ಗುಂಪಾಗಿ ನೋಡಿದೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 60 ಮೈಲಿ ದೂರದಲ್ಲಿ ನ್ಯೂ ಬೆಡ್‌ಫರ್ಡ್. ಹತ್ತೊಂಬತ್ತನೆಯ ಶತಮಾನದಲ್ಲಿ ತಿಮಿಂಗಿಲದ ಎಣ್ಣೆಯಿಂದ ಕೊಬ್ಬಿದ ಊರು. ಅದರ ಎದುರು ದಂಡೆಯ ಫೇರ್‌ಹೇವನ್ನಿನಿಂದ 1841ರ ಜನವರಿ 3ರಂದು, ಇಪ್ಪತ್ತೊಂದು ವಯಸ್ಸಿನ ಮೆಲ್ವಿಲ್ ‘ಅಕುಶ್ನೆಟ್’ ಎಂಬ ಹಡಗು ಹತ್ತಿ ತಿಮಿಂಗಿಲ ಬೇಟೆಗೆ ಹೋದ. ಅದರ ನೆನಪಿಗೆ ಊರಿನ ವೇಲಿಂಗ್ ಮ್ಯೂಸಿಯಮ್ಮಿನಲ್ಲಿ ಪ್ರತಿ ಜನವರಿಯಲ್ಲಿ ಇಡೀ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಾರೆ. ಶನಿವಾರ ಮಧ್ಯಾಹ್ನ ಶುರುವಾದರೆ ಭಾನುವಾರ ಮಧ್ಯಾಹ್ನ ದಾಟುತ್ತದೆ, ಸುಮಾರು 25 ಗಂಟೆ. ಒಬ್ಬೊಬ್ಬರದು ಕೆಲವೇ ನಿಮಿಷದ ಸರದಿ. “ಅಮ್ಮ, ನೀನು ಹೋಗಿ ಬಾ. ಮಗೂನ ನಾನು ನೋಡ್ಕೋತೀನಿ, ಒಂದಿನ ಅಂಟಿನುಂಡೆ ಇಲ್ಲದೆ ಬದುಕ್ತೀನಿ,” ಎಂದಳು ಮಗಳು. ಅಳಿಯ ಕಾರು ತೆಗೆದ.

ಮ್ಯೂಸಿಯಮ್ಮಿನ ಒಳಗೆ ‘ಲಗೋಡಾ’ ಎಂಬ ಬೇಟೆಹಡಗಿನ ಮಾದರಿ ಇದೆ. ಮಾದರಿ ಎಂದರೆ ಗಾಜಿನ ಪೆಟ್ಟಿಗೆಯೊಳಗಿನದಲ್ಲ, ಅಸಲಿ ಹಡಗಿನ ಅರ್ಧ ಗಾತ್ರದ್ದು, ಹತ್ತಿ ಓಡಾಡಬಹುದು. ಅದರ ಸುತ್ತ ಜನ. ‘ಕಾಲ್ ಮಿ ಇಶ್ಮೇಲ್’ ಎಂಬ ಆ ಮೂರು ಪದದ ಮೊದಲ ವಾಕ್ಯವನ್ನು ಓದುಗ ಹೇಳಿದ್ದೇ ತಡ, ಚಪ್ಪಾಳೆ. ಒಂದು ವಾಕ್ಯಕ್ಕೆ ಸೀಟಿ ಬಿದ್ದದ್ದನ್ನು ನಾನು ರಾಜಕುಮಾರ್ ಸಿನಿಮಾ ಬಿಟ್ಟರೆ ಅಲ್ಲೇ ಕಂಡದ್ದು.

ಪ್ರಾರ್ಥನಾಮಂದಿರದ ಅಧ್ಯಾಯಗಳು ಬಂದಾಗ ಎಲ್ಲರೂ ಎದ್ದು ಕೋಟು ಹಾಕಿಕೊಂಡು ಎದುರಿಗಿನ ಸೀಮೆನ್ಸ್ ಬೆಥೆಲಿಗೆ ಹೋದೆವು. 1832ರ ಕಟ್ಟಡ, ಕಾದಂಬರಿಯಲ್ಲಿ ಬರುವುದು ಇದೇ. ಗೋಡೆಯ ತುಂಬ ಸಮುದ್ರದಲ್ಲಿ ಸತ್ತವರ ಹೆಸರಿನ ಅಮೃತಶಿಲೆಯ ಫಲಕಗಳು. ಹಡಗಿನ ಮೂತಿಯ ಆಕಾರದಲ್ಲಿ ಒಂದು ಉಪದೇಶಪೀಠ. ಮೆಲ್ವಿಲ್ ವರ್ಣಿಸಿದ್ದು ಹಾಗೇ ಇದೆಯಲ್ಲ ಎಂದು ನಾನು ಮೂಗಿನ ಮೇಲೆ ಬೆರಳಿಡುವಷ್ಟರಲ್ಲಿ ಪಕ್ಕದವರು ಗುಟ್ಟು ಬಿಚ್ಚಿದರು. ಅದು ಮೆಲ್ವಿಲ್‌ನ ಕಲ್ಪನೆ, ಅಲ್ಲಿ ಅಂಥದ್ದು ಇರಲೇ ಇಲ್ಲ. 1956ರಲ್ಲಿ ಜಾನ್ ಹ್ಯೂಸ್ಟನ್ನಿನ ಸಿನಿಮಾ ಬಂದ ಮೇಲೆ, ಬಂದವರೆಲ್ಲ ಹಡಗಿನ ಪೀಠ ಎಲ್ಲಿ, ಹಡಗಿನ ಪೀಠ ಎಲ್ಲಿ ಎಂದು ಕೇಳಿ ಕೇಳಿ, ಕಾಟ ತಾಳಲಾರದೆ 1961ರಲ್ಲಿ ಊರಿನವರು ಒಂದು ಕಟ್ಟಿಸಿಯೇ ಬಿಟ್ಟರು. ಓದುಗರ ಹಟ ಎಂದರೆ ಇದು. (ಆ ಸಿನಿಮಾಕ್ಕೆ ಚಿತ್ರಕಥೆ ಬರೆದ ರೇ ಬ್ರ್ಯಾಡ್‌ಬರಿಗೆ, ಕೆಲಸ ಒಪ್ಪಿಕೊಳ್ಳುವ ತನಕ ಈ ಪುಸ್ತಕವನ್ನು ಪೂರ್ತಿ ಓದಲು ಆಗಿರಲಿಲ್ಲವಂತೆ. ಹ್ಯೂಸ್ಟನ್ನಿಗೇ ಹಾಗೆಂದು ಹೇಳಿದನಂತೆ. ಧಾರವಾಡದ ಮೇಷ್ಟ್ರಿಗೆ ಇವನು ಸಿಕ್ಕಬೇಕಿತ್ತು.)

ಅಲ್ಲಿ ಕೂತಾಗ ಹೊಳೆದದ್ದು, ಇದು ನಗಿಸುವ ಪುಸ್ತಕ. ನಾವು ಎಂ.ಎ. ತರಗತಿಗಳಲ್ಲಿ ಬಿಳಿ ತಿಮಿಂಗಿಲ ದೇವರೋ ಸೈತಾನನೋ ವಿವರಿಸಿ ಎಂದು ಹದಿನೈದು ಅಂಕದ ಪ್ರಶ್ನೆ ಮಾಡಿ ಅದನ್ನು ಸೂತಕದ ಮನೆ ಮಾಡಿಬಿಟ್ಟಿದ್ದೇವೆ. ಒಬ್ಬರೇ ಕೂತು ಓದಿದರೆ ಗಂಭೀರ, ಇನ್ನೂರು ಜನ ಕೂತು ಕೇಳಿದರೆ ಹಾಸ್ಯ. ವಸತಿಗೃಹದ ಯಜಮಾನ ಮಂಚವಿಲ್ಲವೆಂದು ಬೆಂಚನ್ನೇ ಕೀಸುಳಿಯಿಂದ ಉಜ್ಜಿ ಮೆತ್ತಗೆ ಮಾಡಲು ಹೊರಡುವುದು, ಮೈತುಂಬ ಹಚ್ಚೆಯ ಈಟಿಗಾರ ಕ್ವೀಕ್ವೆಗ್ ತಲೆಬುರುಡೆ ಮಾರಲು ಹೋದವನು ನಡುರಾತ್ರಿ ಬಂದು ಇಶ್ಮೇಲ್‌ನ ಹಾಸಿಗೆಗೇ ಹಾರುವುದು, ಬೆಳಿಗ್ಗೆ ಎದ್ದು ಈಟಿಯ ಅಲಗಿನಿಂದ ಗಡ್ಡ ಹೆರೆದುಕೊಳ್ಳುವುದು. ಒಂದೊಂದಕ್ಕೂ ನಗೆ ಅಲೆಯಾಗಿ ಹಿಂದಿನ ಸಾಲಿನವರೆಗೆ ಹೋಗುತ್ತಿತ್ತು. ಗಮಕಿಗಳು ಓದುವಾಗ ಕುಮಾರವ್ಯಾಸನ ಉತ್ತರಕುಮಾರ ಸಭೆಗೆ ಸಭೆಯನ್ನೇ ನಗಿಸುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಇಲ್ಲಿ ರಾಗವಿಲ್ಲ, ವ್ಯಾಖ್ಯಾನವಿಲ್ಲ, ತರಬೇತಾದ ಕಂಠವೂ ಇಲ್ಲ. ಯಾರು ಬೇಕಾದರೂ ಹೆಸರು ಕೊಟ್ಟು ಓದಬಹುದು. ಹೀಗಾಗಿ ಪುಸ್ತಕ ಐದೈದು ನಿಮಿಷಕ್ಕೊಮ್ಮೆ ಬೇರೆ ಬಾಯಿಯಿಂದ ಬರುತ್ತದೆ. ಅಜೋರ್ಸ್, ಕೇಪ್ ವರ್ಡ್ ದ್ವೀಪಗಳಿಂದ ತಿಮಿಂಗಿಲದ ಹಡಗುಗಳಲ್ಲೇ ಬಂದು ನೆಲೆಸಿದವರ ವಂಶಸ್ಥರು ಊರಿನ ತುಂಬ ಇದ್ದಾರೆ. ಪೋರ್ಚುಗೀಸ್ ಲಯದ ಇಂಗ್ಲಿಷಿನಲ್ಲಿ ಒಬ್ಬರು ಓದಿದಾಗ, ಪೀಕ್ವಾಡಿನ ಮೇಲೆ ನಿಜಕ್ಕೂ ಕೇಳಿಸುತ್ತಿದ್ದದ್ದು ಇಂಥ ದನಿಯೇ ಅನಿಸಿತು. ಅಜೋರ್ಸಿನವರ ಮಾತನ್ನು ಮೆಲ್ವಿಲ್ ಕೂಡ ಎತ್ತುತ್ತಾನೆ.

ಸರದಿಯವರಿಗೆ ಕೊಡುವುದು ಸಮಯ, ಪುಟವಲ್ಲ. ನಿಮ್ಮ ಪಾಲಿಗೆ ಬಂದದ್ದು ನಿಮ್ಮ ಹಣೆಬರಹ. ಸಂಜೆ ಐದೂವರೆಯ ಹೊತ್ತಿಗೆ ಶಾಲೆಗೆ ಹೋಗುವ ವಯಸ್ಸಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳಿಗೆ ಸಿಕ್ಕಿದ್ದು ಮೂವತ್ತೆರಡನೆಯ ಅಧ್ಯಾಯ, ಅದೇ ತಿಮಿಂಗಿಲಗಳ ವರ್ಗೀಕರಣ. ಲೋಕದ ತಿಮಿಂಗಿಲಗಳನ್ನೆಲ್ಲ ಇಶ್ಮೇಲ್ ಪುಸ್ತಕದ ಅಳತೆಯ ಮೇಲೆ ಫೋಲಿಯೋ, ಆಕ್ಟೇವೋ, ಡ್ಯುಯೊಡೆಸಿಮೋ ಎಂದು ವಿಂಗಡಿಸುತ್ತಾನೆ. ಹುಡುಗಿ ಲ್ಯಾಟಿನ್ನಿನ ಮೊದಲ ಪದಕ್ಕೇ ಎಡವಿದಳು, ಎರಡನೆಯದಕ್ಕೆ ನಿಂತಳು, ಮೂರನೆಯದನ್ನು ಹಲ್ಲುಕಚ್ಚಿ ದಾಟಿದಳು. ಸಭೆ ಹೋ ಎಂದಿತು. ಮನೆಯಲ್ಲಿ ಓದುವವರು ಹಾರಿಸುವ ಅಧ್ಯಾಯ ಇದೇ. ಗಟ್ಟಿಯಾಗಿ ಓದುವವಳಿಗೆ ಹಾರಿಸುವ ಸ್ವಾತಂತ್ರ್ಯವಿಲ್ಲ, ಕೇಳುವವರಿಗೂ ಇಲ್ಲ. ಹೀಗೆ ಸಿಕ್ಕಿಹಾಕಿಕೊಂಡು ಕೇಳಿದಾಗ ಇಶ್ಮೇಲ್‌ನ ಗಂಭೀರ ಮುಖದ ತಮಾಷೆ ಗೊತ್ತಾಗುತ್ತದೆ. ಅವನು ವಿಜ್ಞಾನ ಹೇಳುತ್ತಿಲ್ಲ, ವಿಜ್ಞಾನ ಹೇಳುವವರ ಧಾಟಿಯನ್ನು ಅಣಕಿಸುತ್ತಿದ್ದಾನೆ. ತಿಮಿಂಗಿಲ ಮೀನಲ್ಲ ಎಂದು ಜೀವವಿಜ್ಞಾನಿ ಲಿನೇಯಸ್ ಹೇಳಿದರೇನಂತೆ, ಮೀನೇ ಎಂದು ಪಟ್ಟು ಹಿಡಿಯುತ್ತಾನೆ.

ರಾತ್ರಿ ಹೆಚ್ಚಾದಂತೆ ಬಂದರಿನ ಕಡೆ ಕಿಟಕಿಗಳಿರುವ ದೊಡ್ಡ ಕೋಣೆಯಲ್ಲಿ ಜನ ಕರಗಿದರು. ಉಳಿದವರು ಗಟ್ಟಿಗರು. ಒಬ್ಬೊಬ್ಬರ ಮಡಿಲಲ್ಲೂ ಅವರವರದೇ ಪ್ರತಿ. ಅಂಚು ಹರಿದ ಪೇಪರ್‌ಬ್ಯಾಕು, ಅಡಿಟಿಪ್ಪಣಿ ತುಂಬಿದ ಕಾಲೇಜು ಪ್ರತಿ, ರಾಕ್‌ವೆಲ್ ಕೆಂಟ್ 1930ರಲ್ಲಿ ಬರೆದ ಕಪ್ಪುಬಿಳುಪು ಚಿತ್ರಗಳಿರುವ ದಪ್ಪ ಸಂಪುಟ, ಫೋನು. ಓದುವವನು ಒಬ್ಬ, ಎಲ್ಲರೂ ಅವನ ಜೊತೆಗೇ ಸಾಲು ಹಿಡಿದು ಹೋಗುತ್ತಾರೆ, ಆದರೆ ಪುಟ ತಿರುಗುವುದು ಮಾತ್ರ ಒಟ್ಟಿಗಲ್ಲ. ಅಲ್ಲೊಂದು ಸರಕ್, ಇಲ್ಲೊಂದು ಸರಕ್. ನನ್ನ ಪಕ್ಕ ಹೆಣಿಗೆ ಹಾಕುತ್ತಾ ಕೂತಿದ್ದ ಅಜ್ಜಿಯ ಪ್ರತಿಯ ಅಂಚಿನಲ್ಲಿ ಪೆನ್ಸಿಲ್ಲಿನ ತಾರೀಖುಗಳಿದ್ದವು. ಪ್ರತಿ ಜನವರಿಯಲ್ಲಿ ತನಗೆ ನಿದ್ದೆ ಬಂದ ಜಾಗಕ್ಕೆ ಗುರುತು ಹಾಕುತ್ತಾಳಂತೆ. ವರ್ಷಕ್ಕೊಂದು ಜಾಗದಲ್ಲಿ ನಿದ್ದೆ, ಆದ್ದರಿಂದ ಎಲ್ಲ ಸೇರಿಸಿದರೆ ಪುಸ್ತಕ ಪೂರ್ತಿ ಕೇಳಿದ ಲೆಕ್ಕ.

ಬೆಳಗಿನ ಜಾವ ಮೂರೂವರೆ ಸುಮಾರಿಗೆ ಎಂಬತ್ತೆರಡನೆಯ ಅಧ್ಯಾಯ ಬಂತು. ತಿಮಿಂಗಿಲ ಬೇಟೆಗಾರರ ಕುಲದ ಘನತೆಯನ್ನು ಇಶ್ಮೇಲ್ ಕೊಚ್ಚಿಕೊಳ್ಳುವ ಅಧ್ಯಾಯ. ಪರ್ಸಿಯಸ್ ನಮ್ಮವನು, ಹರ್ಕ್ಯುಲಿಸ್ ನಮ್ಮವನು, ಸಂತ ಜಾರ್ಜ್ ನಮ್ಮವನು ಎನ್ನುತ್ತಾ ಕೊನೆಗೆ ವಿಷ್ಣುವನ್ನೂ ಸಂಘಕ್ಕೆ ಸೇರಿಸಿಕೊಳ್ಳುತ್ತಾನೆ. ನೀರಿನ ತಳ ಸೇರಿದ್ದ ವೇದಗಳನ್ನು ಮೇಲೆತ್ತಲು ವಿಷ್ಣು ತಿಮಿಂಗಿಲವಾಗಿ ಮುಳುಗಿದನೆಂದು ಮೆಲ್ವಿಲ್‌ನ ಮತ್ಸ್ಯಾವತಾರ. ಅಜ್ಜಿ ಸೂಜಿ ನಿಲ್ಲಿಸಿ ನನ್ನ ಕುಂಕುಮ ನೋಡಿ, “ಇದು ನಿಮ್ಮ ಕಡೆಯ ಕಥೆಯಲ್ಲವೇ, ಸರಿಯಾಗಿ ಹೇಳಿದ್ದಾನೆಯೇ?” ಎಂದು ಪಿಸುಗುಟ್ಟಿದಳು. ಬಹುಪಾಲು ಸರಿ, ಆದರೆ ವೇದ ಕದ್ದ ಹಯಗ್ರೀವಾಸುರನನ್ನು ಬಿಟ್ಟಿದ್ದಾನೆ ಎಂದೆ. ಯಾರವನು ಎಂದಳು. ನಾನು ಅಸುರನಿಂದ ಹಿಡಿದು ಮನುವಿನ ದೋಣಿಯ ತನಕ ಬರುವಷ್ಟರಲ್ಲಿ ಹಿಂದಿನ ಸಾಲಿನಿಂದ ಶ್ ಎಂದು ಬಂತು. ಇದಕ್ಕೂ ಮೊದಲು, ಐವತ್ತೈದನೆಯ ಅಧ್ಯಾಯದಲ್ಲಿ, ಎಲಿಫೆಂಟಾ ಗುಹೆಯ ಮತ್ಸ್ಯಾವತಾರದ ಶಿಲ್ಪದ ಬಾಲ ತಿಮಿಂಗಿಲದ ಹಾಗಿಲ್ಲ, ಹೆಬ್ಬಾವಿನ ಹಾಗಿದೆ ಎಂದು ಇಶ್ಮೇಲ್ ತಕರಾರು ತೆಗೆದಿದ್ದ. ಎಲಿಫೆಂಟಾ ಶಿವನ ಗುಹೆ, ಅಲ್ಲಿ ಇವನಿಗೆ ಮತ್ಸ್ಯ ಎಲ್ಲಿ ಕಂಡಿತೋ. ಅಜ್ಜಿಗೆ ಕಾಫಿ ವಿರಾಮದಲ್ಲಿ ಅದನ್ನೂ ಹೇಳಿದೆ. ಅವಳು ಪೆನ್ಸಿಲ್ ತೆಗೆದು ಅಂಚಿನಲ್ಲಿ ‘ಹಯಗ್ರೀವ’ ಎಂದು ತನಗೆ ಕೇಳಿಸಿದ ಹಾಗೆ ಬರೆದುಕೊಂಡಳು.

ಬೆಳಕು ಹರಿಯುವ ಮುಂಚೆ ತೊಂಬತ್ತೈದನೆಯ ಅಧ್ಯಾಯ. ತಿಮಿಂಗಿಲದ ಯಾವ ಅಂಗದ ಚರ್ಮವನ್ನು ಬಿಡಿಸಿ, ತೋಳಿಗೆ ತೂತು ಮಾಡಿ, ಕೊಬ್ಬು ಕೊಚ್ಚುವವನು ಪಾದ್ರಿಯ ನಿಲುವಂಗಿಯ ಹಾಗೆ ತೊಟ್ಟುಕೊಳ್ಳುತ್ತಾನೆ ಎನ್ನುವುದನ್ನು ಇಶ್ಮೇಲ್ ಹೆಸರು ಹೇಳದೆ ವರ್ಣಿಸುತ್ತಾನೆ. ಹಣೆಬರಹ ನೋಡಿ, ಅದು ಬಿದ್ದದ್ದು ನಾಚಿಕೆಯ ಸ್ವಭಾವದ ಒಬ್ಬ ಗಡ್ಡದ ಹುಡುಗನ ಪಾಲಿಗೆ. ಕಿವಿ ಕೆಂಪಗೆ ಮಾಡಿಕೊಂಡು ಒಂದು ಅಕ್ಷರ ಬಿಡದೆ ಓದಿದ. ನಿದ್ದೆಗಣ್ಣಿನ ಮುದುಕರೆಲ್ಲ ಎದ್ದು ಕೂತರು.

ಅದಾದ ಸ್ವಲ್ಪ ಹೊತ್ತಿಗೇ ಚಿನ್ನದ ನಾಣ್ಯದ ಅಧ್ಯಾಯ. ಬಿಳಿ ತಿಮಿಂಗಿಲವನ್ನು ಮೊದಲು ಕಂಡವನಿಗೆಂದು ಏಹಾಬ್ ಕಂಬಕ್ಕೆ ಹೊಡೆಸಿದ ನಾಣ್ಯ. ಒಬ್ಬೊಬ್ಬರೂ ಬಂದು ಅದನ್ನು ನೋಡುತ್ತಾರೆ. ಏಹಾಬ್‌ಗೆ ಅದರಲ್ಲಿ ತಾನೇ ಕಾಣುತ್ತಾನೆ, ಮೊದಲ ಮೇಟ್ ಸ್ಟಾರ್‌ಬಕ್‌ಗೆ ದೇವರು, ಮೂರನೆಯ ಮೇಟ್ ಫ್ಲಾಸ್ಕ್‌ಗೆ ಅದರಿಂದ ಎಷ್ಟು ಚುಟ್ಟಾ ಬರುತ್ತದೆ ಎಂಬ ಲೆಕ್ಕ. ಪುಸ್ತಕವೂ ಹೀಗೇ. ಟ್ರಿನಿಡಾಡಿನ ಲೇಖಕ ಸಿ.ಎಲ್.ಆರ್. ಜೇಮ್ಸ್‌ನನ್ನು 1952ರಲ್ಲಿ ಗಡೀಪಾರು ಮಾಡಲೆಂದು ಅಮೆರಿಕ ಸರ್ಕಾರ ಎಲಿಸ್ ಐಲೆಂಡಿನಲ್ಲಿ ಕೂಡಿಹಾಕಿದಾಗ ಅವನು ಅಲ್ಲೇ ಕೂತು ‘ಮೋಬಿ ಡಿಕ್’ ಮೇಲೆ ಒಂದು ಪುಸ್ತಕ ಬರೆದ. ಅವನಿಗೆ ಏಹಾಬ್‌ನಲ್ಲಿ ಕಂಡದ್ದು ಇಪ್ಪತ್ತನೆಯ ಶತಮಾನದ ಸರ್ವಾಧಿಕಾರಿ. ಹಡಗಿನ ನಾನಾ ದೇಶದ ಕೂಲಿಗಳಲ್ಲಿ ಕಂಡದ್ದು, ತನ್ನ ಜೊತೆ ಅಲ್ಲಿ ಬಂಧಿಯಾಗಿದ್ದ ನಾನಾ ದೇಶದ ಜನ. ಮರುವರ್ಷ ಅಚ್ಚು ಹಾಕಿಸಿ ಅಮೆರಿಕದ ಸಂಸದರಿಗೆ ಪ್ರತಿ ಕಳಿಸಿದ. ನಿಮ್ಮ ದೇಶದ ಕಾದಂಬರಿಯನ್ನು ನಿಮಗಿಂತ ಚೆನ್ನಾಗಿ ಓದಿದ್ದೇನೆ, ಇರಲು ಬಿಡಿ ಎಂದು ಕೇಳಿದ ಹಾಗಿತ್ತು. ಬಿಡಲಿಲ್ಲ. ಆದರೂ ಈ ಕಾದಂಬರಿಯ ಮೇಲೆ ಬಂದಿರುವ ಪುಸ್ತಕಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಕೊಟ್ಟುಬಿಡು ಅಂದರೆ ನಾನು ಜೇಮ್ಸ್‌ನನ್ನು ಇಟ್ಟುಕೊಳ್ಳುತ್ತೇನೆ.

ಭಾನುವಾರ ಹನ್ನೊಂದರ ಮೇಲೆ ಕೋಣೆ ಮತ್ತೆ ತುಂಬಿತು. ಮನೆಗೆ ಹೋಗಿ ಮಲಗಿ ತಲೆ ಬಾಚಿಕೊಂಡು ಬಂದವರು, ರಾತ್ರಿಯೆಲ್ಲ ಕೂತು ಕೂದಲು ಕೆದರಿದವರು, ಎರಡು ಪಂಗಡ. ಮೂರು ದಿನದ ಬೇಟೆಯ ಕೊನೆಯ ಮೂರು ಅಧ್ಯಾಯಕ್ಕೆ ಯಾರೂ ಕೆಮ್ಮಲಿಲ್ಲ. ಲಂಡನ್ನಿನವರು ಕಳೆದುಕೊಂಡಿದ್ದ ಆ ಉಪಸಂಹಾರವೂ ಆಯಿತು. ಕೂತಲ್ಲಿಂದ ಕದಲದೆ ಪೂರ್ತಿ ಕೇಳಿದವರಿಗೆ ಸಣ್ಣ ಬಹುಮಾನ ಉಂಟು. ತೂಕಡಿಸಿದವರನ್ನು ಯಾರೂ ಲೆಕ್ಕ ಹಿಡಿಯಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಅಳಿಯ, “ಅತ್ತೆ, ಒಂದು ಮೀನಿಗೋಸ್ಕರ ಇಷ್ಟೆಲ್ಲಾನಾ?” ಅಂದ. ಸಾಫ್ಟ್‌ವೇರಿನವನು, ಕಾದಂಬರಿ ಓದುವ ಪೈಕಿ ಅಲ್ಲ. ನಾನು ಕಥೆ ಹೇಳಿದೆ. ಕ್ಯಾಪ್ಟನ್ನಿನ ಹುಚ್ಚು, ಅವನ ಮಾತಿಗೆ ಮರುಳಾಗುವ ಜನ, ಒಳಗೊಳಗೇ ಒಪ್ಪದೆಯೂ ಸುಮ್ಮನಿರುವ ಸ್ಟಾರ್‌ಬಕ್. ಅವನು ಮಾತಾಡಲಿಲ್ಲ. ನಾನು ಊರಿಗೆ ಬಂದ ಮೇಲೆ ಗೊತ್ತಾಯಿತು, ಆಫೀಸಿಗೆ ಹೋಗುವಾಗ ಕಾರಿನಲ್ಲಿ ಅದರ ಆಡಿಯೋ ಕೇಳಲು ಶುರು ಮಾಡಿದ್ದಾನೆ. ಮೊದಲು, ಏಹಾಬ್ ಥೇಟ್ ನಮ್ಮ ಮ್ಯಾನೇಜರ್ ಎಂದು ಮೆಸೇಜು ಬಂತು. ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ. ಮೊನ್ನೆ ನಮ್ಮ ಬೆಳಿಗ್ಗೆ, ನಾನು ಹುಳಿಗೆ ಒಗ್ಗರಣೆ ಹಾಕುವ ಹೊತ್ತಿಗೆ, ಫೋನೇ ಬಂತು. ನೂರ ಇಪ್ಪತ್ತಮೂರನೆಯ ಅಧ್ಯಾಯ ಮುಗಿಸಿದ್ದನಂತೆ. ಏಹಾಬ್ ಮಲಗಿರುವ ಕೋಣೆಯ ಹೊರಗೆ ಸ್ಟಾರ್‌ಬಕ್ ಬಂದೂಕು ಹಿಡಿದು ನಿಂತು, ಹೊಡೆಯಲೋ ಬಿಡಲೋ ಎಂದು ಯೋಚಿಸಿ, ಕೊನೆಗೆ ಬಂದೂಕನ್ನು ಇದ್ದಲ್ಲಿ ಇಟ್ಟು ಹೋಗುವ ಅಧ್ಯಾಯ.

“ಹೊಡೆಯೋದಲ್ವಾ ಅತ್ತೆ ಅವನು! ಕೈಯಲ್ಲಿ ಇತ್ತಲ್ಲ! ಹಡಗಿನ ಜನ ಎಲ್ಲಾ ಉಳೀತಿದ್ರು.”

ಮಲಗಿದವನನ್ನು ಹೊಡೆಯುವವನಾಗಿದ್ದರೆ ಅವನು ಸ್ಟಾರ್‌ಬಕ್ ಆಗುತ್ತಿರಲಿಲ್ಲ ಎಂದೆ. ಅದೆಲ್ಲ ನಿಮ್ಮ ಇಂಗ್ಲಿಷ್ ಡಿಪಾರ್ಟ್‌ಮೆಂಟಿನ ಮಾತು ಎಂದ. ನಾನು ದನಿ ಏರಿಸಿದೆ, ಅವನೂ ಏರಿಸಿದ. ಒಗ್ಗರಣೆ ಸೀದಿತು. ಅಷ್ಟರಲ್ಲಿ ಮಗಳು ಫೋನು ಕಸಿದುಕೊಂಡು, “ಅಮ್ಮ, ಆ ಹಡಗು ಹಾಳಾಗ್ಲಿ, ಪಾಪೂಗೆ ಕೆಳಗಡೆ ಎರಡು ಹಲ್ಲು ಬಂದಿದೆ, ಫೋಟೋ ಕಳಿಸಿದ್ದೆ, ನೋಡಿದ್ಯಾ?” ಎಂದಳು.